ಹಳೆಯ ಬ್ರಷ್ಷಿಗೆ ಮೂರು ಗೀರು

ಮನೆಯೊಳಗೆ ಬರುವ ವಸ್ತುಗಳ ಲೆಕ್ಕವನ್ನು ನಾವೆಲ್ಲರೂ ಇಡುತ್ತೇವೆ. ಅಂಗಡಿಯ ಚೀಟಿ ಇರುತ್ತದೆ. ಹಾಲಿನ ಲೆಕ್ಕದ ಪುಸ್ತಕ ಇರುತ್ತದೆ. ಕೊಟ್ಟ ಹಣದ ನೆನಪಂತೂ ಇದ್ದೇ ಇರುತ್ತದೆ. ಮನೆಯಿಂದ ಹೊರಗೆ ಹೋಗುವ ವಸ್ತುಗಳ ಲೆಕ್ಕವನ್ನು ಇಡುವವರು ಮಾತ್ರ ವಿರಳ. ಹೊರಗೆ ಹೋದದ್ದು ಎಲ್ಲಿಗೆ ಹೋಯಿತು, ಅಲ್ಲಿ ಅದರ ಗತಿ ಏನಾಯಿತು, ಹೋಗುವ ಮೊದಲು ಇನ್ನೇನಾದರೂ ಕೆಲಸಕ್ಕೆ ಒದಗುತ್ತಿತ್ತೇ ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳಲು ತಕ್ಕ ಒಂದು ಚಿಕ್ಕ ವಸ್ತುವನ್ನು ಈ ಸಲ ಆರಿಸಿಕೊಂಡಿದ್ದೇವೆ. ಅದು ಹಲ್ಲುಜ್ಜುವ ಬ್ರಷ್ಷು.

ವಿಷಯ ಅಲ್ಪವೆಂದು ವಾಚಕರು ಪುಟ ಮಗುಚಬಾರದು. ಮೂರು ನಾಲ್ಕು ತಿಂಗಳು ಬಾಯಿಯಲ್ಲಿ ದುಡಿದು, ಆಮೇಲೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮಣ್ಣಿನಲ್ಲಿ ಕರಗದೆ ಉಳಿಯುವ ವಸ್ತು ಇದು. ಐದು ಜನರಿರುವ ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಬ್ಬೊಬ್ಬರಿಗೆ ವರ್ಷಕ್ಕೆ 4 ಬ್ರಷ್ಷುಗಳಂತೆ ಮನೆಗೆ 20. ಇಂಥ ಸಾವಿರ ಮನೆಗಳಿರುವ ಒಂದು ಗ್ರಾಮಕ್ಕೆ 20,000. ಹತ್ತು ವರ್ಷಕ್ಕೆ ಎರಡು ಲಕ್ಷ! ಇಷ್ಟನ್ನೂ ತೋಡಿನ ಬದಿಗೋ ತೆಂಗಿನ ಬುಡಕ್ಕೋ ಎಸೆದರೆ ಏನಾದೀತೆಂಬುದನ್ನು ನಾಲ್ಕನೆಯ ತರಗತಿಯ ಮಗುವೂ ಹೇಳಬಲ್ಲದು.

ಹಿಂದಿನವರಿಗೆ ಈ ಚಿಂತೆ ಇರಲಿಲ್ಲ. ನಮ್ಮ ಕಾಸರಗೋಡಿನ ಹಳ್ಳಿಮನೆಗಳಲ್ಲಿ ಉಮಿಕರಿಗೆ ಉಪ್ಪು ಸೇರಿಸಿ ಹಲ್ಲುಜ್ಜುತ್ತಿದ್ದರು. ಮಾವಿನೆಲೆಯನ್ನು ಮಡಿಸಿ ತಿಕ್ಕುತ್ತಿದ್ದರು. ತೆಂಗಿನ ಗರಿಯ ಕಡ್ಡಿಯನ್ನು ಸೀಳಿ ನಾಲಗೆ ಹೆರೆಯುತ್ತಿದ್ದರು. ಕೆಲಸ ಮುಗಿದೊಡನೆ ಅವನ್ನು ಬಾಳೆಯ ಬುಡಕ್ಕೆ ಎಸೆದರೆ ಆಯಿತು. ಒಂದು ಮಳೆಗಾಲ ಕಳೆಯುವುದರೊಳಗೆ ಅವು ಮಣ್ಣಿಗೆ ಸೇರುತ್ತಿದ್ದವು. ಹಾಗೆಂದು ಎಲ್ಲರೂ ಉಮಿಕರಿಗೆ ಮರಳಬೇಕೆಂದು ನಾವು ಹೇಳುವವರಲ್ಲ. ಒರಟಾದ ಕರಿಯನ್ನು ದಿನವೂ ತಿಕ್ಕಿದರೆ ಹಲ್ಲಿನ ಮೇಲಿನ ಹೊಳಪಿನ ಪದರವೇ ಸವೆಯುತ್ತದೆ. ಬ್ರಷ್ಷು ಒಳ್ಳೆಯ ಸಾಧನವೇ. ಎಸೆದರೆ ಮಣ್ಣಾಗುವ ವಸ್ತುವಿನ ಜಾಗಕ್ಕೆ ಮಣ್ಣಾಗದ ವಸ್ತು ಬಂದಿತು. ಎಸೆಯುವ ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು. ತೊಂದರೆಯ ಮೂಲ ಇಲ್ಲಿದೆ.

ಬ್ರಷ್ಷಿನ ಮೈಕಟ್ಟು

ಮೊದಮೊದಲಿನ ಬ್ರಷ್ಷುಗಳು ಹಂದಿಯ ಬಿರುಸು ಕೂದಲಿನಿಂದ ಆದವು. ಅಮೆರಿಕದ ಡುಪಾಂಟ್ ಕಂಪೆನಿಯ ನೈಲಾನ್ ಎಳೆಗಳನ್ನು ಜೋಡಿಸಿದ ಬ್ರಷ್ಷು 1938ರಲ್ಲಿ ಮಾರಾಟಕ್ಕೆ ಬಂದ ಮೇಲೆ ಕೂದಲಿನ ಕಾಲ ಮೆಲ್ಲಮೆಲ್ಲನೆ ಮುಗಿಯಿತು. ಇಂದು ನಮ್ಮ ಕೈಯಲ್ಲಿರುವ ಸಾಮಾನ್ಯ ಬ್ರಷ್ಷಿನ ಎಳೆಗಳು ನೈಲಾನಿನವು. ಹಿಡಿಯು ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು. ಹಿಡಿಯ ಮೇಲೆ ಜಾರದಿರಲೆಂದು ಮೆತ್ತಿದ ರಬ್ಬರಿನಂಥ ಪದರ ಮತ್ತೊಂದು ಬಗೆಯದು. ತಲೆಯಲ್ಲಿರುವ ಒಂದೊಂದು ತೂತಿನೊಳಗೆ ಎಳೆಗಳ ಕಟ್ಟನ್ನು ಮಡಚಿ ತೂರಿಸಿ, ಅದು ಕಳಚದಂತೆ ಚಿಕ್ಕದೊಂದು ಲೋಹದ ತುಂಡನ್ನು ಬಡಿದಿರುತ್ತಾರೆ. ಹೀಗೆ ಗೇಣುದ್ದದ ವಸ್ತುವಿನಲ್ಲಿ ಮೂರು ನಾಲ್ಕು ಬಗೆಯ ಸಾಮಗ್ರಿಗಳು ಬಿಡಿಸಲಾಗದಂತೆ ಕೂಡಿಕೊಂಡಿವೆ. ಹಾಲಿನ ತೊಟ್ಟೆಯನ್ನು ಕರಗಿಸಿ ಮತ್ತೊಂದು ವಸ್ತು ಮಾಡಿದಂತೆ ಇದನ್ನು ಸುಲಭವಾಗಿ ಕರಗಿಸಲಾಗದಿರುವುದು ಈ ಕಾರಣದಿಂದಲೇ.

ಆದರೆ ಯಾವ ಗುಣಗಳಿಂದ ಅದು ಮಣ್ಣಿಗೆ ಭಾರವಾಯಿತೋ ಆ ಗುಣಗಳೇ ಮನೆಗೆಲಸಕ್ಕೆ ವರವಾಗಿವೆ. ನೈಲಾನ್ ನೀರಿಗೆ ಕೊಳೆಯುವುದಿಲ್ಲ, ಸಾಬೂನಿಗೆ ಕೆಡುವುದಿಲ್ಲ, ಲೋಹದ ಹೊಳಪನ್ನು ತಂತಿಯ ಬ್ರಷ್ಷಿನಂತೆ ಗೀಚುವುದಿಲ್ಲ. ಬೆರಳು ಹೋಗದ ಸಂದಿಗೆ ಅದರ ತಲೆ ಹೋಗುತ್ತದೆ. ಬಾಯಿಗೆ ನಿರುಪಯೋಗಿಯಾದ ದಿನವೇ ಅದು ಮನೆಗೆ ಉಪಯೋಗಿಯಾಗುತ್ತದೆ.

ಮಿತವ್ಯಯ ಬೇರೆ, ಜಿಪುಣತನ ಬೇರೆ

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹಳೆಯ ಬ್ರಷ್ಷನ್ನು ಉಪಯೋಗಿಸಿರೆಂದರೆ ಅದರಲ್ಲೇ ಹಲ್ಲುಜ್ಜುತ್ತ ವರ್ಷಗಟ್ಟಲೆ ಕಳೆಯಿರೆಂದು ಅರ್ಥವಲ್ಲ. ಎಳೆಗಳು ಹೊರಬಾಗಿದ ಬ್ರಷ್ಷಿನ ತುದಿಯು ವಸಡಿನ ಅಂಚಿಗೆ ಸರಿಯಾಗಿ ಮುಟ್ಟುವುದಿಲ್ಲ. ಅಲ್ಲಿ ದಿನವೂ ಕಟ್ಟುವ ಲೋಳೆಯ ಪದರವು ಉಳಿದು, ಗಟ್ಟಿಯಾಗಿ, ವಸಡು ಬಾಯುವುದಕ್ಕೂ ಹಲ್ಲು ಹುಳುಕಾಗುವುದಕ್ಕೂ ಕಾರಣವಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ, ಎಳೆಗಳು ಬಾಗಿದರೆ ಅದಕ್ಕೂ ಮೊದಲೇ, ಬ್ರಷ್ಷನ್ನು ಬದಲಿಸಬೇಕೆಂದು ದಂತವೈದ್ಯರು ಹೇಳುತ್ತಾರೆ. ಮಕ್ಕಳು ಬ್ರಷ್ಷನ್ನು ಕಚ್ಚುವುದರಿಂದ ಅವರದ್ದು ಬೇಗ ಕೆಡುತ್ತದೆ. ಬ್ರಷ್ಷಿನಲ್ಲಿ ಉಳಿಸಿದ ಹತ್ತಿಪ್ಪತ್ತು ರೂಪಾಯಿ ದಂತವೈದ್ಯರ ಕುರ್ಚಿಯಲ್ಲಿ ನೂರ್ಮಡಿಯಾಗಿ ಕೈಬಿಡುತ್ತದೆ. ಬಾಯಿಯ ವಿಷಯದಲ್ಲಿ ಜಿಪುಣತನ ಮಾಡದೆ, ಬಾಯಿಯಿಂದ ನಿವೃತ್ತವಾದದ್ದನ್ನು ವ್ಯರ್ಥಗೊಳಿಸದೆ ಇರುವುದು ಮಿತವ್ಯಯ.

ಬದಲಿಸುವ ದಿನ ನೆನಪಿರುವುದಿಲ್ಲವೆಂದು ಅನೇಕರು ಹೇಳುತ್ತಾರೆ. ಅದಕ್ಕೆ ನಮ್ಮ ನಾಡಿನ ಪಂಚಾಂಗವೇ ಸಾಕು. ವಿಷು, ಆಟಿ ಅಮಾವಾಸ್ಯೆ, ದೀಪಾವಳಿ, ಮಕರ ಸಂಕ್ರಾಂತಿ: ಈ ನಾಲ್ಕು ದಿನಗಳ ನಡುವೆ ಹೆಚ್ಚು ಕಡಿಮೆ ಮೂರು ಮೂರು ತಿಂಗಳ ಅಂತರವಿದೆ. ಹಬ್ಬದ ಬೆಳಿಗ್ಗೆ ಮನೆಯವರೆಲ್ಲರ ಕೈಗೆ ಹೊಸ ಬ್ರಷ್ಷು ಬರಲಿ. ಹಳೆಯದು ಕೆಳಗೆ ಹೇಳುವ ಕ್ರಮಕ್ಕೆ ಸೇರಲಿ.

ಮೊದಲು ಶುದ್ಧಿ, ಆಮೇಲೆ ಗುರುತು

ಬಾಯಿಯಿಂದ ಬಂದ ಬ್ರಷ್ಷನ್ನು ಹಾಗೆಯೇ ಬೇರೆ ಕೆಲಸಕ್ಕೆ ತೊಡಗಿಸಬಾರದು. ಎಳೆಗಳ ಬುಡದಲ್ಲಿ ಪೇಸ್ಟಿನ ಬಿಳಿ ಗಸಿ ಕೂತಿರುತ್ತದೆ. ಅದನ್ನು ಸೂಜಿಯಿಂದ ಬಿಡಿಸಿ, ಬಿಸಿ ಸಾಬೂನು ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ತೊಳೆದು, ಎರಡು ದಿನ ಬಿಸಿಲಿನಲ್ಲಿ ಒಣಗಿಸಬೇಕು. ಕುದಿಯುವ ನೀರಿನಲ್ಲಿ ಬಹಳ ಹೊತ್ತು ಇಟ್ಟರೆ ಎಳೆಗಳು ಬಿರುಸು ಕಳೆದುಕೊಳ್ಳುತ್ತವೆ.

ಬಿರುಸು ಹೆಚ್ಚು ಬೇಕಾದ ಕೆಲಸಕ್ಕೆ ಎಳೆಗಳನ್ನು ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿಕೊಳ್ಳಬಹುದು. ಕೋಲು ಗಿಡ್ಡವಾದಷ್ಟೂ ಬಾಗಿಸುವುದು ಕಷ್ಟವೆಂಬುದನ್ನು ಎಲ್ಲರೂ ಬಲ್ಲೆವು. ಎಳೆಯ ಉದ್ದ ಅರ್ಧವಾದರೆ ಅದನ್ನು ಮೊದಲಿನಷ್ಟೇ ಬಾಗಿಸಲು ಎಂಟರಷ್ಟು ಬಲ ಬೇಕು. ಕತ್ತರಿಸುವಾಗ ಕೆಳಗೆ ಹಳೆಯ ಪತ್ರಿಕೆಯನ್ನು ಹಾಸಿ, ಬಿದ್ದ ತುಣುಕುಗಳನ್ನು ಒಟ್ಟುಗೂಡಿಸಿ ಕಟ್ಟಿಡಬೇಕು. ಗಾಳಿಗೆ ಹಾರಲು ಬಿಡಬಾರದು.

ಇನ್ನು ಗುರುತಿನ ಮಾತು. ಈ ಲೇಖನದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬಾರದೆಂದು ವಾಚಕರಲ್ಲಿ ನಮ್ಮ ವಿನಂತಿ. ಒಂದೇ ಆಕಾರದ ಹತ್ತು ಬ್ರಷ್ಷುಗಳು ಮನೆಯಲ್ಲಿ ಅಲ್ಲಲ್ಲಿ ಬಿದ್ದಿದ್ದರೆ, ಕಕ್ಕಸಿನ ಮೂಲೆ ತಿಕ್ಕಿದ್ದು ಯಾವುದು, ಅಡುಗೆಮನೆಯದು ಯಾವುದು, ನಸುಕಿನಲ್ಲಿ ಎದ್ದ ಮಗು ಬಾಯಿಗೆ ಇಟ್ಟುಕೊಂಡದ್ದು ಯಾವುದು ಎಂದು ತಿಳಿಯುವುದಿಲ್ಲ. ಬಣ್ಣದ ನೂಲು ಕಟ್ಟಿದರೆ ಕತ್ತಲೆಯಲ್ಲಿ ಕಾಣದು, ಬರೆದರೆ ಅಳಿಸಿಹೋಗುತ್ತದೆ. ಹಿಡಿಯ ಅಂಚಿಗೆ ಚೂರಿಯಿಂದ ಆಳವಾಗಿ ಗೀರು ಹಾಕುವುದೇ ಒಳ್ಳೆಯದು. ಅದು ಕಣ್ಣಿಗೂ ಕಾಣುತ್ತದೆ, ಬೆರಳಿಗೂ ತಿಳಿಯುತ್ತದೆ.

ಒಂದು ಗೀರು: ಬಟ್ಟೆಬರೆ, ಅಡುಗೆಮನೆ. ಎರಡು ಗೀರು: ಬಚ್ಚಲು, ಕಿಟಕಿ, ನೆಲ. ಮೂರು ಗೀರು: ಅಂಗಳ, ಯಂತ್ರ, ತೋಟ. ಗೀರಿಲ್ಲದ್ದು ಮಾತ್ರ ಬಾಯಿಗೆ. ಒಂದು ಗೀರಿನದು ಸವೆದಾಗ ಇನ್ನೊಂದು ಗೀರು ಹಾಕಿ ಬಚ್ಚಲಿಗೆ ಇಳಿಸಬಹುದು. ಅಲ್ಲಿಂದ ಮತ್ತೊಂದು ಗೀರಿನೊಡನೆ ಅಂಗಳಕ್ಕೆ ಇಳಿಸಬಹುದು. ಹಾಕಿದ ಗೀರನ್ನು ಅಳಿಸಲಾಗುವುದಿಲ್ಲ. ಆದುದರಿಂದ ಬ್ರಷ್ಷು ಮೆಟ್ಟಿಲು ಇಳಿಯಬಹುದೇ ಹೊರತು ಎಂದೂ ಏರಲಾರದು. ಮನೆಯ ಚಿಕ್ಕ ಮಗುವಿಗೂ ಇದನ್ನು ಒಮ್ಮೆ ತಿಳಿಸಿದರೆ ಸಾಕು.

ಒಂದು ಗೀರಿನ ಕೆಲಸಗಳು

ಶಾಲೆಗೆ ಹೋಗುವ ಮಕ್ಕಳ ಅಂಗಿಯ ಕಾಲರು ಮತ್ತು ತೋಳಿನ ಅಂಚು ಕಲ್ಲಿಗೆ ಬಡಿದರೆ ಹರಿಯುತ್ತವೆ, ಬಡಿಯದಿದ್ದರೆ ಕೊಳೆ ಬಿಡುವುದಿಲ್ಲ. ಸಾಬೂನು ಹಚ್ಚಿ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಮೆಲ್ಲನೆ ಉಜ್ಜಿದರೆ ಬಟ್ಟೆಯ ಆಯುಷ್ಯ ಹೆಚ್ಚುತ್ತದೆ. ಬಾಚಣಿಗೆಯ ಹಲ್ಲುಗಳ ನಡುವಿನ ಎಣ್ಣೆಗಸಿ, ಕೊಡೆಯ ಕಡ್ಡಿಗಳ ಕೀಲು, ಕೈಗಡಿಯಾರದ ಪಟ್ಟಿ ಇವೂ ಇದರ ವ್ಯಾಪ್ತಿಗೆ ಬರುತ್ತವೆ. ಹೊಲಿಗೆ ಯಂತ್ರದಲ್ಲಿ ಸೂಜಿಯ ಕೆಳಗೆ ಬಟ್ಟೆಯನ್ನು ಮುಂದಕ್ಕೆ ದೂಡುವ ಹಲ್ಲುಪಟ್ಟಿಯೊಂದಿದೆ. ಅದರ ಸಂದಿನಲ್ಲಿ ನೂಲಿನ ಜೂಲು ತುಂಬಿದರೆ ಹೊಲಿಗೆ ತಪ್ಪುತ್ತದೆ. ಒಣಗಿದ ಬ್ರಷ್ಷಿನಿಂದ ತಿಂಗಳಿಗೊಮ್ಮೆ ಗುಡಿಸಿದರೆ ರಿಪೇರಿಯ ಖರ್ಚು ಉಳಿಯುತ್ತದೆ.

ಅಡುಗೆಮನೆಯಲ್ಲಿ ಶ್ಯಾವಿಗೆ ಒತ್ತುವ ಮಣೆಯ ಬಿಲ್ಲೆಯ ತೂತುಗಳು, ಚಕ್ಕುಲಿ ಒರಳು, ಚಹಾ ಸೋಸುವ ಜಾಲರಿ, ಕುಕ್ಕರಿನ ಮುಚ್ಚಳದಲ್ಲಿ ರಬ್ಬರು ಕೂರುವ ಗಾಡಿ, ಮಿಕ್ಸಿಯ ಜಾರಿನ ಬ್ಲೇಡಿನ ಅಡಿ ಇವೆಲ್ಲ ಬೆರಳಿಗೆ ನಿಲುಕದ ಜಾಗಗಳು. ತೆಂಗಿನಕಾಯಿ ತುರಿಯುವ ಹೆರೆಮಣೆಯ ಹಲ್ಲುಗಳನ್ನು ಬರಿಗೈಯಿಂದ ತೊಳೆದು ಬೆರಳು ಕುಯ್ದುಕೊಂಡವರು ನಮ್ಮ ಮನೆಗಳಲ್ಲಿ ಎಷ್ಟೋ ಮಂದಿ. ಉದ್ದ ಹಿಡಿಯ ಬ್ರಷ್ಷು ಕೈಯನ್ನು ಅಲಗಿನಿಂದ ದೂರವಿಡುತ್ತದೆ. ಕೆಸುವಿನ ಗೆಡ್ಡೆಯ ಮಣ್ಣನ್ನು ತೊಳೆಯುವಾಗಲೂ ಅಷ್ಟೇ. ಕೈ ತುರಿಸುವುದು ತಪ್ಪುತ್ತದೆ. ಗ್ಯಾಸ್ ಒಲೆಯ ಬರ್ನರಿನ ತೂತುಗಳನ್ನು ಒಲೆ ಪೂರ್ತಿ ತಣಿದ ಮೇಲೆ ಒಣ ಬ್ರಷ್ಷಿನಿಂದ ಉಜ್ಜಿದರೆ ಜ್ವಾಲೆ ನೀಲಿಯಾಗಿ ಉರಿಯುತ್ತದೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುವುದು ಕಡಿಮೆಯಾಗುತ್ತದೆ.

ಬಾಯಿಗಿಟ್ಟ ಬ್ರಷ್ಷು ಎಂಜಲಲ್ಲವೇ, ಅದನ್ನು ಅಡುಗೆಮನೆಗೆ ತರುವುದೇ ಎಂದು ಹಿರಿಯರು ಕೇಳುತ್ತಾರೆ. ಅವರ ಮಾತನ್ನು ತಳ್ಳಿಹಾಕತಕ್ಕದ್ದಲ್ಲ. ಬಾಯಿಯಿಂದ ಬಾಯಿಗೆ ರೋಗ ಹರಡದಿರಲೆಂಬ ವಿವೇಕವೂ ಎಂಜಲೆಂಬ ಭಾವನೆಯಲ್ಲಿ ಅಡಗಿದೆ. ಮನಸ್ಸು ಒಪ್ಪದ ಮನೆಯವರು ಅಡುಗೆಮನೆಗೆ ಐದಾರು ತಿಂಗಳಿಗೊಂದು ಹೊಸ ಬ್ರಷ್ಷನ್ನೇ ಇಟ್ಟುಕೊಳ್ಳಲಿ. ಬಾಯಿಯಿಂದ ಬಂದದ್ದನ್ನು ನೇರವಾಗಿ ಎರಡನೆಯ ಗೀರಿಗೆ ಇಳಿಸಲಿ. ದೇವರ ಕೋಣೆಯ ಕಾಲುದೀಪ, ಪಂಚಪಾತ್ರೆಗಳಿಗಂತೂ ಹುಣಿಸೆಹುಳಿ ಮತ್ತು ತೆಂಗಿನ ನಾರಿಗೆ ಮಿಗಿಲಾದುದು ಇಂದಿಗೂ ಇಲ್ಲ. ಅಲ್ಲಿಗೆ ನಮ್ಮ ಬ್ರಷ್ಷು ಹೋಗುವ ಅವಶ್ಯಕತೆಯೇ ಇಲ್ಲ.

ಎರಡು ಗೀರಿನ ಕೆಲಸಗಳು

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡು ನಮ್ಮದು. ಆಟಿಯ ತಿಂಗಳಲ್ಲಿ ಚಪ್ಪಲಿಯ ಪಟ್ಟಿ, ಪೆಟ್ಟಿಗೆಯ ಮೂಲೆ, ಗೋಡೆಯ ಅಂಚು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಒಣ ಬ್ರಷ್ಷಿನಿಂದ ಕೆದರಿದರೆ ಬೂಷ್ಟಿನ ಪುಡಿ ಗಾಳಿಯಲ್ಲಿ ಹರಡಿ ಉಬ್ಬಸದವರಿಗೆ ತೊಂದರೆ ಕೊಡುತ್ತದೆ. ಆದುದರಿಂದ ಸಾಬೂನು ನೀರಿನಲ್ಲಿ ಅದ್ದಿ ಉಜ್ಜಿ, ಒರೆಸಿ, ಬಿಸಿಲು ಬಂದಾಗ ಒಣಗಿಸಬೇಕು. ಕಿಟಕಿಯ ಸೊಳ್ಳೆಪರದೆಯ ಜಾಲರಿ, ಜಾರುಬಾಗಿಲಿನ ಗಾಡಿ, ನಲ್ಲಿಯ ಬುಡ, ನೆಲದ ಹಂಚುಗಳ ನಡುವಿನ ಸಿಮೆಂಟಿನ ಗೆರೆ ಇವು ಈ ಬ್ರಷ್ಷಿನ ನಿತ್ಯದ ಕ್ಷೇತ್ರಗಳು. ನಲ್ಲಿಯ ಬಾಯಲ್ಲಿ ಕಟ್ಟುವ ಬಿಳಿ ಉಪ್ಪಿಗೆ ಲಿಂಬೆಯ ಸಿಪ್ಪೆಯಿಂದ ಉಜ್ಜಿ ಹತ್ತು ನಿಮಿಷ ಬಿಟ್ಟು ಬ್ರಷ್ಷು ಆಡಿಸಿದರೆ ಸಾಕು.

ಬಚ್ಚಲು ತೊಳೆಯುವಾಗ ಒಂದು ಎಚ್ಚರಿಕೆ ಬೇಕು. ಬ್ಲೀಚಿಂಗ್ ಪೌಡರನ್ನೂ ಕಕ್ಕಸು ತೊಳೆಯುವ ಆಮ್ಲದ ದ್ರಾವಣವನ್ನೂ ಒಟ್ಟಿಗೆ ಬಳಸಬಾರದು. ಎರಡೂ ಕೂಡಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಕಿಟಕಿ ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಅದು ಪ್ರಾಣಾಪಾಯಕ್ಕೂ ಎಡೆಗೊಡಬಹುದು.

ಬಾಗಿದ ಮೂಲೆಗೆ ಬ್ರಷ್ಷಿನ ಕತ್ತು ಬಾಗಬೇಕಾದರೆ, ಕತ್ತನ್ನು ಮಾತ್ರ ಎರಡು ಮೂರು ನಿಮಿಷ ಕುದಿನೀರಿನಲ್ಲಿ ಇಟ್ಟು, ದಪ್ಪ ಬಟ್ಟೆಯಲ್ಲಿ ಹಿಡಿದು, ಮೆಲ್ಲನೆ ಬಾಗಿಸಿ, ತಣ್ಣೀರಿಗೆ ಹಾಕಬೇಕು. ಗಾಜಿನಂತೆ ಪಾರದರ್ಶಕವಾದ ಹಿಡಿಗಳು ಬಿರಿಯುವುದುಂಟು. ಅವುಗಳ ಗೊಡವೆ ಬೇಡ. ಬೆಂಕಿಗೆ ಹಿಡಿದು ಬಾಗಿಸುವುದಂತೂ ಸಲ್ಲದು.

ಶಾಲೆಯ ಚಿತ್ರದ ತರಗತಿಗೂ ಎರಡು ಗೀರಿನ ಬ್ರಷ್ಷುಗಳಲ್ಲಿ ಕೆಲವನ್ನು ಮೀಸಲಿಡಬಹುದು. ಬಚ್ಚಲಿಗೆ ಇನ್ನೂ ಮುಟ್ಟಿಸದ ಬ್ರಷ್ಷೇ ಆಗಬೇಕು. ಬಿಳಿಯ ಕಾಗದದ ಮೇಲೆ ಜರಿಗಿಡದ ಎಲೆಯನ್ನೋ ದಾಸವಾಳದ ಎಲೆಯನ್ನೋ ಇಟ್ಟು, ನೀರಿನ ಬಣ್ಣದಲ್ಲಿ ಅದ್ದಿದ ಬ್ರಷ್ಷಿನ ಎಳೆಗಳನ್ನು ಹೆಬ್ಬೆರಳಿನಿಂದ ತಮ್ಮ ಕಡೆಗೆ ಮೀಟಿದರೆ, ಬಣ್ಣವು ತುಂತುರು ಮಳೆಯಂತೆ ಕಾಗದದ ಮೇಲೆ ಸಿಡಿಯುತ್ತದೆ. ಎಲೆಯನ್ನು ಎತ್ತಿದಾಗ ಅದರ ಆಕಾರ ಬೆಳ್ಳಗೆ ಉಳಿದಿರುತ್ತದೆ. ಹೀಗೆ ಊರಿನ ಹತ್ತು ಗಿಡಗಳ ಎಲೆಗಳನ್ನು ಮೂಡಿಸಿ, ಕೆಳಗೆ ಒಂದೊಂದರ ಹೆಸರನ್ನು ಕನ್ನಡದಲ್ಲೂ ತುಳುವಿನಲ್ಲೂ ಮಲಯಾಳದಲ್ಲೂ ಬರೆಸುವುದನ್ನು ನಾವು ಶಾಲೆಯಲ್ಲಿ ಮಾಡಿಸುತ್ತೇವೆ. ಖರ್ಚಿಲ್ಲದೆ ಚಿತ್ರಕಲೆ, ಸಸ್ಯಶಾಸ್ತ್ರ, ಭಾಷೆ ಮೂರೂ ಒಂದೇ ಪಾಠದಲ್ಲಿ ನಡೆಯುತ್ತವೆ.

ಮೂರು ಗೀರಿನ ಕೆಲಸಗಳು

ಸೈಕಲ್ಲಿನ ಚೈನು, ಬಾಗಿಲಿನ ಬಿಜಾಗರಿ, ನೀರೆತ್ತುವ ಪಂಪಿನ ಫುಟ್‌ವಾಲ್ವಿನ ಜಾಲರಿ, ಸ್ಪ್ರಿಂಕ್ಲರಿನ ಮೂತಿ ಇವೆಲ್ಲವೂ ಮೂರನೆಯ ಮೆಟ್ಟಿಲಿನವು. ದಾಸವಾಳ, ಕರಿಬೇವು ಮುಂತಾದ ಗಿಡಗಳ ಕಾಂಡಕ್ಕೆ ಅಂಟಿಕೊಳ್ಳುವ ಬಿಳಿ ಹಿಟ್ಟುತಿಗಣೆಯನ್ನು ಸಾಬೂನು ನೀರಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ತೆಗೆಯಬಹುದು. ಅಂಗಳದ ಎರಡು ಗಿಡಕ್ಕಾಗಿ ಕೀಟನಾಶಕದ ಬಾಟಲಿ ಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಈ ಗಿಡಗಳಿಗೆ ಮದ್ದಿನ ಪಂಪು ಮುಟ್ಟದ ಬ್ರಷ್ಷನ್ನೇ ಬಳಸಬೇಕು. ಕರಿಬೇವು ಸಾರಿಗೆ ಬೀಳುವ ಸೊಪ್ಪಲ್ಲವೇ!

ಅಡಿಕೆ ಬೆಳೆಗಾರರಿಗೆ ಇದರ ಪ್ರಯೋಜನ ಇನ್ನೂ ಹೆಚ್ಚು. ಕೊಳೆರೋಗಕ್ಕೆ ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ 40-45 ದಿನಗಳಿಗೆ ಇನ್ನೊಮ್ಮೆ ಬೋರ್ಡೋ ಮದ್ದು ಬಿಡುವುದು ನಮ್ಮಲ್ಲಿ ರೂಢಿ. 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರು ನೀರು: ಇದರಲ್ಲಿ ಸುಣ್ಣದ ಗಸಿಯು ಪಂಪಿನ ಮೂತಿಯಲ್ಲಿ ಕಟ್ಟಿಕೊಳ್ಳುತ್ತದೆ. ಅದನ್ನು ತಂತಿಯಿಂದ ತೋಡಿದರೆ ತೂತು ಅಗಲವಾಗಿ, ಮಂಜಿನಂತೆ ಹರಡಬೇಕಾದ ಮದ್ದು ಧಾರೆಯಾಗಿ ಸುರಿದು ಪೋಲಾಗುತ್ತದೆ. ಮದ್ದು ಬಿಟ್ಟ ದಿನವೇ ಮೂತಿಯನ್ನು ಕಳಚಿ ನೀರಿನಲ್ಲಿ ನೆನೆಸಿ ಬ್ರಷ್ಷಿನಿಂದ ಉಜ್ಜಿಟ್ಟರೆ ಮುಂದಿನ ಸಲ ಮರದ ತುದಿಯಲ್ಲಿ ಕೂತವನು ಪಂಪಿನೊಡನೆ ಸೆಣಸಬೇಕಾಗಿಲ್ಲ.

ಮದ್ದಿನ ಪಂಪು ಮುಟ್ಟಿದ ಬ್ರಷ್ಷನ್ನು ಮನೆಯೊಳಗೆ ತರಲೇಬಾರದು. ಕೊಟ್ಟಿಗೆಯ ಗೋಡೆಗೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ತೂಗುಹಾಕಬೇಕು. ಎಂಡೋಸಲ್ಫಾನಿನ ನೋವನ್ನು ಉಂಡ ನಾಡಿನವರು ನಾವು. ಆ ಮದ್ದನ್ನು ಸುಪ್ರೀಂ ಕೋರ್ಟು 2011ರಲ್ಲಿ ದೇಶದಾದ್ಯಂತ ನಿಷೇಧಿಸಿತು. ಅದರ ಫಲವನ್ನು ಹೊತ್ತ ಮಕ್ಕಳ ಮನೆಗಳು ಇಂದಿಗೂ ನಮ್ಮ ನಡುವೆ ಇವೆ. ವಿಷವು ಅಲಕ್ಷ್ಯದ ದಾರಿಯಲ್ಲಿ ಮನೆಯೊಳಗೆ ಬರುತ್ತದೆಂಬುದನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. ಮೂರನೆಯ ಗೀರು ಇರುವುದು ಇದಕ್ಕಾಗಿ.

ಕೊನೆಯ ಮೆಟ್ಟಿಲು

ಇಷ್ಟೆಲ್ಲ ದುಡಿದ ಬಳಿಕವೂ ಒಂದು ದಿನ ಬ್ರಷ್ಷು ಬೋಳಾಗುತ್ತದೆ. ಆಗ ಅದನ್ನು ಏನು ಮಾಡಬೇಕು? ನಮ್ಮ ಅನೇಕ ಮನೆಗಳಲ್ಲಿ ಪ್ಲಾಸ್ಟಿಕ್ಕಿನ ಚೂರುಗಳು ಹೋಗುವುದು ಬಚ್ಚಲ ಹಂಡೆಯ ಒಲೆಗೆ. ನೀರು ಕಾಯುತ್ತದೆ, ಕಸವೂ ಮುಗಿಯುತ್ತದೆ ಎಂಬ ಎಣಿಕೆ. ಇದು ದೊಡ್ಡ ತಪ್ಪು ಎಣಿಕೆ. ಪ್ಲಾಸ್ಟಿಕ್ಕು ಆ ಒಲೆಯಲ್ಲಿ ಪೂರ್ತಿ ಉರಿಯದೆ ಮಸಿಯನ್ನೂ ಇಂಗಾಲದ ಮಾನಾಕ್ಸೈಡನ್ನೂ ಉಗುಳುತ್ತದೆ. ನೈಲಾನಿನಲ್ಲಿ ಸಾರಜನಕವಿರುವುದರಿಂದ ಅದು ಉರಿದಾಗ ಹೈಡ್ರೋಜನ್ ಸಯನೈಡಿನಂಥ ಘೋರ ವಿಷವೂ ಹೊಗೆಯಲ್ಲಿ ಸೇರಬಹುದು. ಬೆಳಗಿನ ಸ್ನಾನಕ್ಕೆ ಒಲೆಯ ಮುಂದೆ ಕೂತ ಬಾಣಂತಿಯೂ ಮಗುವೂ ಆ ಹೊಗೆಯನ್ನೇ ಉಸಿರಾಡುತ್ತಾರೆ. ಒಲೆಯ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕುವವರಿಗೆ ಉಳಿದ ಕಲ್ಮಷ ಎಲ್ಲಿಗೆ ಹೋಗುತ್ತದೆಂಬುದನ್ನು ಹೇಳಬೇಕಾಗಿಲ್ಲ.

ತೋಡಿಗೆ ಎಸೆದರೆ ಅದು ಮಳೆಯ ನೀರಿನೊಡನೆ ಚಂದ್ರಗಿರಿಗೋ ಶಿರಿಯಾ ಹೊಳೆಗೋ ಸೇರಿ ಕಡಲು ಮುಟ್ಟುತ್ತದೆ. ಈಗ ನಮ್ಮ ಕೇರಳದಲ್ಲಿ ಹರಿತ ಕರ್ಮ ಸೇನೆಯ ಮಹಿಳೆಯರು ಮನೆಮನೆಗೆ ಬಂದು, ತೊಳೆದು ಒಣಗಿಸಿದ ಪ್ಲಾಸ್ಟಿಕ್ಕನ್ನು ಒಯ್ಯುತ್ತಾರೆ. ಅವರಿಗೆ ಕೊಡುವ ಶುಲ್ಕವನ್ನು ದಂಡವೆಂದು ಬಗೆದು ಗೊಣಗುವವರು ಇದ್ದಾರೆ. ನಮ್ಮ ಕಸವನ್ನು ನಮ್ಮ ಅಂಗಳದಿಂದ ಹೊತ್ತೊಯ್ಯುವ ತಾಯಂದಿರ ಬೆವರಿಗೆ ಅದು ಹೆಚ್ಚಿನ ಬೆಲೆಯೇನಲ್ಲ. ಮಲಯಾಳದಲ್ಲಿ ಅಚ್ಚಾದ ಸೂಚನಾಪತ್ರವನ್ನು ಓದಲಾರದ ಹಿರಿಯರು ನಮ್ಮ ಗಡಿನಾಡಿನ ಮನೆಗಳಲ್ಲಿ ಇನ್ನೂ ಇರುವುದರಿಂದ ಈ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇವೆ: ಬೋಳು ಬ್ರಷ್ಷನ್ನು ತೊಳೆದು, ಒಣಗಿಸಿ, ಚೀಲದಲ್ಲಿ ಕೂಡಿಟ್ಟು ಅವರ ಕೈಗೆ ಕೊಡಿ. ಮದ್ದು ಮುಟ್ಟಿದ್ದನ್ನು ಬೇರೆಯಾಗಿ ಕಟ್ಟಿ, ಇದು ಮದ್ದಿನದೆಂದು ತಿಳಿಸಿ, ಅವರು ಹೇಳಿದಂತೆ ನಡೆದುಕೊಳ್ಳಿ.

ಬಿದಿರಿನ ಹಿಡಿಯ ಬ್ರಷ್ಷು ಕೂಡ ಈಗ ಅಂಗಡಿಗಳಲ್ಲಿ ದೊರೆಯುತ್ತದೆ. ಅದರ ಹಿಡಿ ಮಣ್ಣಾಗುತ್ತದೆ. ಎಳೆಗಳು ಮಾತ್ರ ಬಹುತೇಕ ನೈಲಾನಿನವೇ. ಆದ್ದರಿಂದ ಅದನ್ನು ಗೊಬ್ಬರದ ಗುಂಡಿಗೆ ಹಾಕುವ ಮೊದಲು ಎಳೆಗಳನ್ನು ಇಕ್ಕುಳದಿಂದ ಕಿತ್ತು ಪ್ಲಾಸ್ಟಿಕ್ಕಿನ ಚೀಲಕ್ಕೆ ಸೇರಿಸಬೇಕು.

ಒಂದು ಬ್ರಷ್ಷಿನಿಂದ ಲೋಕ ಉದ್ಧಾರವಾಗದು. ಆದರೆ ಬ್ರಷ್ಷಿಗೆ ಗೀರು ಹಾಕಲು ಕಲಿತ ಮಗು ನಾಳೆ ಎಣ್ಣೆಯ ಡಬ್ಬಿಯನ್ನೂ ಹರಿದ ಕೊಡೆಯನ್ನೂ ಎಸೆಯುವ ಮೊದಲು ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡುತ್ತದೆ. ಇದಕ್ಕೆ ಇನ್ನೇನು ಕೆಲಸ ಉಳಿದಿದೆ ಎಂದು ಕೇಳಿಕೊಳ್ಳುತ್ತದೆ. ಮನೆವಾರ್ತೆಯ ಶಿಕ್ಷಣ ಆ ಪ್ರಶ್ನೆಯಿಂದ ಆರಂಭವಾಗುತ್ತದೆ. ಮುಂದಿನ ಹಬ್ಬಕ್ಕೆ ಹೊಸ ಬ್ರಷ್ಷು ತರುವ ಮನೆಗಳಲ್ಲಿ ಹಳೆಯದಕ್ಕೆ ಗೀರು ಹಾಕುವ ಕೆಲಸವನ್ನು ಮನೆಯ ಮಕ್ಕಳಿಗೇ, ಹಿರಿಯರು ಬಳಿಯಲ್ಲಿ ನಿಂತು, ವಹಿಸಿಕೊಡಲೆಂದು ಕೋರುತ್ತೇವೆ.